ಮೂಲೆಯಿಲ್ಲದ ಮನೆಯ ಮಂಚ

"ಮೂಲೆ ಹಿಡ್ಕೋ, ಮೂಲೆ. ಅದು ಅಂಚು ಕಣೇ," ಎಂದರು ಅಜ್ಜಿ.

ಹಗ್ಗದಿಂದ ಆಗಷ್ಟೇ ಇಳಿಸಿದ ಚಾದರದ ಒಂದು ತುದಿ ಅವರ ಕೈಯಲ್ಲಿತ್ತು, ಇನ್ನೊಂದು ದೊಡ್ಡ ಮೊಮ್ಮಗಳ ಕೈಯಲ್ಲಿ. ಚಿಕ್ಕವಳು ಚಿಟ್ಟು ಚಾದರದ ಅಡಿಯಲ್ಲಿ ತಲೆ ತಾಗಿಸಿಕೊಂಡು ಓಡಾಡುತ್ತಿದ್ದಳು. ಬಿಳಿ ಬಟ್ಟೆಯೊಳಗೆ ಸಣ್ಣ ಗುಡ್ಡವೊಂದು ಅತ್ತಿಂದಿತ್ತ ಸಾಗುತ್ತಿರುವಂತೆ ಕಾಣುತ್ತಿತ್ತು.

"ಒಂದು ಮೂಲೆ ಹುಡುಕೋಕೆ ಇಷ್ಟು ಹೊತ್ತಾ? ಮೂಲೆನೇ ಇಲ್ಲದ ಮನೇಲಿ ಬೆಳೆದೋಳು ನಾನು. ನಂಗೇ ಸಿಗುತ್ತೆ, ನಿಂಗೇನು?"

"ಬುರುಡೆ ಬಿಡ್ಬೇಡ ಅಜ್ಜಿ."

"ಬುರುಡೆ ಅಲ್ವೇ," ಒಳಗಿಂದ ಮಗಳು ಕೂಗಿದಳು. "ನಿಮ್ಮಜ್ಜಿ ಹುಟ್ಟಿದ್ದು ಲೈಟ್‌ಹೌಸಲ್ಲಿ. ಅವರಪ್ಪ ದೀಪ ಕಾಯ್ತಿದ್ರು. ಈಗ ಅದನ್ನ ಜನ ನೋಡೋಕೆ ಅಂತ ತೆರೆದಿದಾರಂತೆ, ಭಾನುವಾರ ಹೋಗೋಣ. ಅಂದಹಾಗೆ ಅಮ್ಮಾ, ಚಿಕ್ಕಮ್ಮಂಗೆ ಕಾಗದ ಹಾಕಿದ್ಯಾ?"

ಅಜ್ಜಿ ಚಾದರದ ಸುಕ್ಕು ತೀಡುವುದರಲ್ಲಿ ಮಗ್ನರಾದರು.

ಹಾಕಿರಲಿಲ್ಲ. ಲಕೋಟೆಯ ಮೇಲೆ ವಿಳಾಸ ಬರೆದಾಗಿತ್ತು, ಅಂಚೆಚೀಟಿ ಅಂಟಿಸಿಯಾಗಿತ್ತು. ಒಳಗಿನ ಹಾಳೆ ಮಾತ್ರ ತಿಂಗಳುಗಳಿಂದ ಬೆಳ್ಳಗೆ ಕೂತಿತ್ತು. ಕೈಚೀಲದಲ್ಲಿ ಕೂತೇ ಅದು ಮಾರುಕಟ್ಟೆ ನೋಡಿತ್ತು, ಆಸ್ಪತ್ರೆ ನೋಡಿತ್ತು. ಹೋಗಬೇಕಾದ ಕಡೆಗೆ ಮಾತ್ರ ಹೋಗಿರಲಿಲ್ಲ.

ತಂಗಿಗೆ ಕಿವಿ ಮಂದ, ಫೋನಿನ ಮಾತು ಮುಟ್ಟದು. ಗಂಡ ಹೋದ ಮೇಲೆ ಅವಳು ಮೈದುನನ ಮನೆಯಲ್ಲಿದ್ದಳು. ಆ ಮೈದುನ ಈಗ ದೊಡ್ಡ ಮನೆ ಮಾರಿ ಸಣ್ಣದಕ್ಕೆ ಹೊರಟಿದ್ದ. ಆದರೆ ಅವಳು ಕಾಗದದಲ್ಲಿ ಬರೆದದ್ದು ತನ್ನಲ್ಲಿದ್ದ ಮಂಚದ ವಿಷಯ. ಲೈಟ್‌ಹೌಸಿನ ದುಂಡು ಗೋಡೆಗೆ ಒತ್ತಿಕೊಂಡು ಕೂರಲೆಂದು ಅಪ್ಪ ಕೈಯಾರೆ ಬಾಗಿಸಿ ಮಾಡಿದ ಮಂಚ ಅದು. ಅಕ್ಕ ತಂಗಿ ಒಬ್ಬರ ಪಾದಕ್ಕೆ ಇನ್ನೊಬ್ಬರ ಪಾದ ತಾಗಿಸಿಕೊಂಡು ಮಲಗುತ್ತಿದ್ದದ್ದು ಅದರ ಮೇಲೆ.

'ಅಕ್ಕಾ, ಹೊಸ ಮನೆಯಲ್ಲಿ ಮಂಚಕ್ಕೆ ಜಾಗ ಇಲ್ಲವಂತೆ. ವಯಸ್ಸಾಯಿತು, ಕಿರುಗುಟ್ಟುತ್ತದೆ. ಆದರೂ ಗಟ್ಟಿಯಾಗಿದೆ. ನಿನ್ನಲ್ಲಿ ಹಿಡಿಸೀತೇ? ಇಲ್ಲದಿದ್ದರೆ ಎಲ್ಲಿಗಾದರೂ ಸಾಗಹಾಕುತ್ತಾರಂತೆ.'

ಅಜ್ಜಿ ಮನೆಯ ಗೋಡೆಗಳನ್ನೆಲ್ಲ ಮೊಳ ಹಾಕಿ ಅಳೆದಿದ್ದರು. ಎಲ್ಲವೂ ನೆಟ್ಟಗಿನ ಗೋಡೆಗಳು. ಕಳಿಸು ಎಂದು ಬರೆಯಲು ಜಾಗವಿಲ್ಲ, ಬೇಡ ಎಂದು ಬರೆಯಲು ಕೈ ಬರದು. ಹಾಗಾಗಿ ಹಾಳೆ ಬೆಳ್ಳಗೇ ಉಳಿದಿತ್ತು.

ಭಾನುವಾರ ಹೊರಟರು. ಸಮುದ್ರ ಹತ್ತಿರವಾದಂತೆ ಬೆಳಕಿಗೆ ಯಾರೋ ಹಾಲು ಬೆರೆಸಿದ ಹಾಗಾಯಿತು. ಹಿಂದೆಲ್ಲ ದೋಣಿಯಲ್ಲೇ ಹೋಗಬೇಕಾಗಿದ್ದ ಬಂಡೆಗೆ ಈಗ ಕಲ್ಲಿನ ದಾರಿ ಕಟ್ಟಿದ್ದರು. ಗೋಪುರದ ಬುಡ ಮಂಜಿನಲ್ಲಿ ಕರಗಿಹೋಗಿ, ತುದಿಯೊಂದೇ ಆಕಾಶದಿಂದ ಇಳಿಬಿಟ್ಟಂತೆ ತೂಗುತ್ತಿತ್ತು. ಅಜ್ಜಿಗೆ ತಾವು ನಡೆಯುತ್ತಿದ್ದೇವೋ, ಅದೇ ತಮ್ಮ ಕಡೆ ತೇಲಿ ಬರುತ್ತಿದೆಯೋ ತಿಳಿಯಲಿಲ್ಲ.

ಬಾಗಿಲಲ್ಲಿ ಮೇಜು ಹಾಕಿಕೊಂಡು ಟಿಕೆಟಿನವನು ಕೂತಿದ್ದ.

"ದೊಡ್ಡೋರಿಗೆ ಪೂರ್ತಿ, ಮಕ್ಕಳಿಗೆ ಅರ್ಧ."

"ಇಲ್ಲೇ ಹುಟ್ಟಿದೋರಿಗೆ?" ಎಂದರು ಅಜ್ಜಿ.

ಅವನು ಕತ್ತು ತಿರುಗಿಸಿ ಬೋರ್ಡನ್ನು ಮೇಲಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿದ. "ಅಂಥೋರ ವಿಷಯ ಏನೂ ಬರೆದಿಲ್ಲಮ್ಮಾ."

"ಹಾಗಾದ್ರೆ ಪೂರ್ತೀನೇ ಕೊಡಪ್ಪ. ಪೂರ್ತಿಯಾಗೇ ಹುಟ್ಟಿದ್ದು."

ಮೆಟ್ಟಿಲು ಸುತ್ತುತ್ತ ಸುತ್ತುತ್ತ ಏರಿ ನಡುಕೋಣೆಗೆ ಬಂದರು. ಕೋಣೆ ಬರಿದಾಗಿತ್ತು, ಕಿಟಕಿಯ ಬೆಳಕು ಬಿಟ್ಟರೆ ಇನ್ನೇನೂ ಇರಲಿಲ್ಲ. ಅಜ್ಜಿ ಕಣ್ಣು ಮುಚ್ಚಿ ಗೋಡೆಗೆ ಕೈ ಹಚ್ಚಿ ನಡೆದರು. ಒಲೆ ಇದ್ದ ಜಾಗ ದಾಟಿತು, ನೀರಿನ ಹಂಡೆಯ ಜಾಗ ದಾಟಿತು, ಅಮ್ಮ ಕೂತು ಬಟ್ಟೆಗೆ ತೇಪೆ ಹಾಕುತ್ತಿದ್ದ ಕಿಟಕಿ ದಾಟಿತು. ಎಲ್ಲೂ ತಿರುಗದೆಯೇ ಹೊರಟಲ್ಲಿಗೇ ಬಂದು ಮುಟ್ಟಿದರು. ಕಣ್ಣು ಬಿಡಲು ಮನಸ್ಸಾಗಲಿಲ್ಲ.

"ನಿಜವಾಗ್ಲೂ ಮೂಲೆ ಇಲ್ಲ!" ದೊಡ್ಡವಳಿಗೆ ಈಗ ನಂಬಿಕೆ ಬಂತು. "ಹಾಗಾದ್ರೆ ತಪ್ಪು ಮಾಡಿದ್ರೆ ಎಲ್ಲಿ ನಿಲ್ಲಿಸ್ತಿದ್ರು?"

"ನಮ್ಮಮ್ಮ ಸಿಟ್ಟಲ್ಲಿ 'ಹೋಗ್ ನಿಂತ್ಕೋ' ಅಂತಿದ್ಲು. ಎಲ್ಲಿ ಅಂತ ಅವಳಿಗೇ ಹೊಳೀತಿರ್ಲಿಲ್ಲ. ಹುಡುಕೋದ್ರೊಳಗೆ ನಗು ಬಂದ್ಬಿಡ್ತಿತ್ತು."

"ಕೇಳಿದ್ದೆಲ್ಲ ಕೊಡಿಸ್ತಿದ್ರಾ?"

"ಕೇಳೋದೇ ಇರ್ಲಿಲ್ವಲ್ಲೇ. ದೋಣಿ ಬರ್ತಿದ್ದದ್ದು ದೀಪಕ್ಕೋಸ್ಕರ. ಅದರ ಎಣ್ಣೆ, ಅದರ ಬತ್ತಿ, ಅದರ ಗಾಜು ಒರೆಸೋ ಬಟ್ಟೆ. ಅದೆಲ್ಲ ತುಂಬಿ ಜಾಗ ಮಿಕ್ಕಿದ್ರೆ ನಮ್ಮ ಸಾಮಾನು. ಅದಕ್ಕೇ ನಮ್ಮಲ್ಲಿ ಯಾರೂ ನಂಗೆ ಬೇಕು ಅಂತಿರ್ಲಿಲ್ಲ. ಅಮ್ಮಂಗೆ ಚಳಿಯಾದ್ರೆ 'ದೀಪಕ್ಕೆ ಚಳಿ ಹಿಡಿದಿದೆ' ಅಂತಿದ್ಲು, ಅಪ್ಪ ಕಂಬಳಿ ತಂದು ಅವಳಿಗೆ ಹೊದಿಸ್ತಿದ್ರು. ಅಪ್ಪಂಗೆ ಬೇಜಾರಾದ್ರೆ 'ದೀಪ ಯಾಕೋ ಮಾತಾಡ್ಬೇಕು ಅಂತಿದೆ' ಅನ್ನೋರು. ನಾವೆಲ್ಲ ಮೇಲೆ ಹೋಗಿ ಅವರ ಪಕ್ಕ ಕೂರ್ತಿದ್ವಿ."

ಅಷ್ಟರಲ್ಲಿ ಚಿಟ್ಟು ಗೋಡೆಯ ಬುಡದಲ್ಲಿ ಮಾಸಲು ಗೆರೆಯೊಂದನ್ನು ಕಂಡಳು. ಸುಣ್ಣ ಎಷ್ಟು ಸಲ ಬಳಿದರೂ ಮಂಚ ಒರಗಿದ್ದ ಗುರುತು ಹೋಗಿರಲಿಲ್ಲ. ಅದರುದ್ದಕ್ಕೆ ಅವಳು ನೆಲದಲ್ಲಿ ಮಲಗಿದಳು. ದೊಡ್ಡವಳೂ ಹೋಗಿ ಪಾದಕ್ಕೆ ಪಾದ ತಾಗಿಸಿ ಮಲಗಿದಳು. ಕಿಟಕಿಯಿಂದ ಅಲೆಯ ಬೆಳಕು ಬಂದು ಇಬ್ಬರ ಮೇಲೂ ಆಡತೊಡಗಿತು. ಒಂದು ಗಳಿಗೆ ಅಜ್ಜಿಗೆ ಆ ನಾಲ್ಕು ಪಾದಗಳಲ್ಲಿ ತಮ್ಮವು ಯಾವುವು ಎಂದು ತಿಳಿಯಲಿಲ್ಲ. ಅವರ ಅಂಗಾಲೇ ಬೆಚ್ಚಗಾದಂತಾಯಿತು.

"ಅಮ್ಮಾ, ಇಳಿಯೋಣ್ವಾ?" ಮಗಳು ಮೆಲ್ಲಗೆ ಭುಜ ಮುಟ್ಟಿದಳು.

ಅರ್ಧದಷ್ಟು ಮೆಟ್ಟಿಲು ಇಳಿಯುವಷ್ಟರಲ್ಲಿ ಚಿಟ್ಟು ಕುಕ್ಕರಿಸಿ ಕೂತಳು.

"ಅಜ್ಜೀ, ನನ್ನ ಚಪ್ಪಲಿಗೆ ಸುಸ್ತಾಗಿದೆಯಂತೆ. ಎತ್ಕೋಬೇಕಂತೆ."

"ಎತ್ಕೊಳ್ತೀನಿ, ಬಿಚ್ಚಿ ಕೊಡು ಚಪ್ಪಲೀನ," ಎಂದು ದೊಡ್ಡವಳು ಕೈ ಚಾಚಿದಳು.

"ಚಪ್ಪಲೀನ ಮಾತ್ರ ಅಲ್ಲ!" ಚಿಟ್ಟು ಪಾದ ಹಿಂದಕ್ಕೆಳೆದುಕೊಂಡಳು. "ಜೊತೆಗೆ ನನ್ನೂ!"

ಮಗಳು ನಕ್ಕು ಅವಳನ್ನು ಸೊಂಟಕ್ಕೇರಿಸಿಕೊಂಡಳು. ಅಜ್ಜಿ ನಗಲಿಲ್ಲ. ಕಂಬಿ ಹಿಡಿದು ನಿಂತಲ್ಲೇ ನಿಂತರು. ಮಂಚಕ್ಕೆ ಜಾಗ ಇಲ್ಲವಂತೆ. ವಯಸ್ಸಾಯಿತು, ಆದರೂ ಗಟ್ಟಿಯಾಗಿದೆ. ನಿನ್ನಲ್ಲಿ ಹಿಡಿಸೀತೇ? ತಂಗಿ ಈ ಲೈಟ್‌ಹೌಸಿನ ಮನೆಯ ಮಾತಿನಲ್ಲೇ ಬರೆದಿದ್ದಳು. ಊರಲ್ಲಿ, ನೆಟ್ಟಗಿನ ಗೋಡೆಗಳ ನಡುವೆ, ಇಷ್ಟು ವರ್ಷ ಬಾಳಿದ ಅಕ್ಕನಿಗೆ ಆ ಮಾತು ಮರೆತುಹೋಗಿತ್ತು. ತಂಗಿ ತನಗೇ ಜಾಗ ಕೇಳಿ ಕಾಯುತ್ತಿದ್ದರೆ, ಇವರು ಮಂಚಕ್ಕೆ ಗೋಡೆ ಹುಡುಕುತ್ತಿದ್ದರು.

"ಅಯ್ಯೋ ಪೆದ್ದಿ," ಎಂದರು ಅಜ್ಜಿ.

"ಯಾರು, ನಾನಾ?" ಎಂದಳು ಚಿಟ್ಟು.

"ಅಲ್ಲ ಕಂದಾ. ನಿಮ್ಮಜ್ಜಿ."

ಕೆಳಗಿಳಿದವರೇ ಮಗಳ ಕೈ ಹಿಡಿದುಕೊಂಡರು. ಮನೆಯಲ್ಲಿ ಮಗಳ ಸಂಸಾರವೂ ಇತ್ತು; ಕೇಳದೆ ಬರೆಯುವುದು ಹೇಗೆ? ಬಾಯಿಗೆ ಬಂದದ್ದು ಮಾತ್ರ ಹಳೆಯ ದಾರಿಯಲ್ಲೇ ಬಂತು.

"ನಮ್ಮ ನಡುಮನೆಗೆ ಯಾಕೋ ಇನ್ನೊಬ್ಬರು ಇದ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತಿದೆ."

ಮಗಳು ಅವರ ಕೈ ಅದುಮಿದಳು. "ನಡುಮನೆಗೆ ಹೇಳಮ್ಮಾ, ಚಿಕ್ಕಮ್ಮನ್ನ ಕರೆಸ್ಕೊಳ್ಳೋಕೆ ನನ್ನ ಕೇಳ್ಬೇಕಾಗಿಲ್ಲ ಅಂತ. ಆದ್ರೆ ಆ ಬಾಗಿದ ಮಂಚ? ಯಾವ ಗೋಡೆಗೆ ಹಾಕ್ತೀಯ?"

"ನಡೂ ಮಧ್ಯಕ್ಕೆ ಹಾಕು," ಎಂದಳು ದೊಡ್ಡವಳು. "ಗೋಡೆ ಯಾಕೆ ಬೇಕು?"

ಅಜ್ಜಿ ಟಿಕೆಟಿನವನ ಮೇಜಿಗೇ ಹೋಗಿ ಕೈಚೀಲ ತೆರೆದರು. "ಪೆನ್ನು ಕೊಡಪ್ಪ. ಇಲ್ಲೇ ಹುಟ್ಟಿದೋರಿಗೆ ಅಷ್ಟಾದ್ರೂ ರಿಯಾಯಿತಿ ಇರ್ಲಿ." ಅವನು ಟಿಕೆಟ್ ಪುಸ್ತಕ ಸರಿಸಿ, ಕುರ್ಚಿಯನ್ನೂ ಬಿಟ್ಟುಕೊಟ್ಟ.

ತಿಂಗಳುಗಟ್ಟಲೆ ಬಾರದ ಮಾತು ಸಲೀಸಾಗಿ ಬಂತು. 'ತಂಗೀ, ಮಂಚ ಬರಲಿ. ನಡುಮನೆಯ ಮಧ್ಯದಲ್ಲಿ ಹಾಕುತ್ತೇವೆ. ಅದರ ಕಿಟಕಿ ಕಡೆಯ ತಲೆದೆಸೆಯಲ್ಲಿ ಮಲಗುತ್ತಿದ್ದವಳೂ ಜೊತೆಗೇ ಬರಬೇಕು, ಇಲ್ಲದಿದ್ದರೆ ಮಂಚವನ್ನು ಒಳಗೆ ಸೇರಿಸುವುದಿಲ್ಲ. ಉತ್ತರಕ್ಕೆ ಇಷ್ಟು ತಡವಾಯಿತೆಂದು ಬೇಸರಿಸಬೇಡ. ಇಲ್ಲಿ ದೀಪಕ್ಕೆ ಅಂಗಾಲು ತಣ್ಣಗಾಗುತ್ತಿದೆ.'

ಕಲ್ಲಿನ ದಾರಿ ಮುಗಿಯುವಲ್ಲಿ, ಉಪ್ಪುಗಾಳಿಗೆ ಬಣ್ಣ ಹಾರಿದ ಅಂಚೆಪೆಟ್ಟಿಗೆಯಿತ್ತು. ಅಜ್ಜಿ ಚಿಟ್ಟುವನ್ನು ಚಪ್ಪಲಿ ಸಮೇತ ಎತ್ತಿ ಹಿಡಿದರು. ಅಂಚು ಸವೆದ ಲಕೋಟೆ ಪೆಟ್ಟಿಗೆಯ ಬಾಯಲ್ಲಿ ಒಂದು ಚಣ ಸಿಕ್ಕಿಕೊಂಡಿತು. ಚಿಟ್ಟು ಪುಟ್ಟ ಅಂಗೈಯಿಂದ ಒತ್ತಿದಳು. ಒಳಗೆಲ್ಲೋ ಟಪ್ ಎಂದು ಬಿತ್ತು.