ಸಾವಂತ್ರವ್ವನ ಶೆಗಡಿಯ ಮೇಲೆ

ನಾನು ಒಂದು ಜಾಲರಿ. ಕಿಟಕಿಗೆ ಕೂರಿಸುವ ಚೆಂದದ ಜಾಲರಿ ಎಂದುಕೊಂಡೀರಿ, ಅದಲ್ಲ. ಕೆಂಡದ ಮೇಲೆ ಕೂತು ಬದನೆಕಾಯಿ ಹೊರುವ ಕಬ್ಬಿಣದ ಜಾಲರಿ. ಮೈ ಕಪ್ಪು, ಅಂಚು ಸೊಟ್ಟ, ನಾಲ್ಕು ಕಾಲಲ್ಲಿ ಒಂದು ಗಿಡ್ಡ. ಗಿಡ್ಡ ಕಾಲಿಗೆ ನನ್ನನ್ನು ಬೈಯಬೇಡಿ. ನನ್ನನ್ನು ಮಾಡಿದ ಮೌನೇಶಪ್ಪನ ಹತ್ತಿರ ಅವತ್ತು ಸರಳು ಅಷ್ಟೇ ಉಳಿದಿತ್ತು.

ಮೌನೇಶಪ್ಪ ಗದಗಿನ ಕಡೆಯ ಒಂದು ಸಣ್ಣ ಪೇಟೆಯ ಕಮ್ಮಾರ. ಯಾರದೋ ಮನೆಯ ಕಿಟಕಿಗೆ ತಂದು ಮಿಕ್ಕಿದ್ದ ಸರಳುಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಅಡ್ಡ ಉದ್ದ ಕೂಡಿಸಿ ನನ್ನನ್ನು ಹುಟ್ಟಿಸಿದ. ಹುಟ್ಟುವಾಗಲೇ ಇಷ್ಟು ಪೆಟ್ಟು ತಿಂದಮೇಲೆ ಮುಂದಾದರೂ ಸುಖ ಇರಬಹುದು ಎಂದುಕೊಂಡೆ. ಎಲ್ಲಿಯ ಸುಖ! ನನ್ನನ್ನು ಕೊಂಡವನು ಬಸ್‌ಸ್ಟ್ಯಾಂಡಿನಲ್ಲಿ ಗೋವಿನಜೋಳದ ತೆನೆ ಸುಡುವ ಹಸನಸಾಬ. ಕೆಲವು ವರ್ಷ ಅವನ ಕೈಯಲ್ಲಿ ಸುಟ್ಟುಕೊಂಡೆ. ಮೊಣಕಾಲು ನೋವಿನಿಂದ ಅವನಿಗೆ ನಿಲ್ಲಲು ಆಗದೆ ಹೋದಾಗ, ತಾನು ದಿನಾ ರೊಟ್ಟಿ ಉಣ್ಣುತ್ತಿದ್ದ ಖಾನಾವಳಿಯ ಸಾವಂತ್ರವ್ವನಿಗೆ ನನ್ನನ್ನು ಕೊಟ್ಟುಬಿಟ್ಟ. ನಿನಗೆ ಕೆಲಸಕ್ಕೆ ಬರುತ್ತದೆ ತಂಗಿ, ಇಟ್ಟುಕೋ ಎಂದ. ಯಾರೂ ನನ್ನನ್ನು ಕೇಳಲಿಲ್ಲ. ನಮ್ಮನ್ನು ಯಾರು ಕೇಳುತ್ತಾರೆ?

ಖಾನಾವಳಿ ಬಸ್‌ಸ್ಟ್ಯಾಂಡಿನ ಹಿಂದೆ. ಮುಂದಿನ ಕೋಣೆಯಲ್ಲಿ ನಾಲ್ಕು ಟೇಬಲ್ಲು, ಹಿಂದೆ ಅಡುಗೆಮನೆ, ಅದರ ಹಿಂದೆ ಪಾತ್ರೆ ತೊಳೆಯುವ ಕಟ್ಟೆ. ಸಾವಂತ್ರವ್ವ ಗಂಡ ಸತ್ತಮೇಲೆ ಒಬ್ಬಳೇ ಅದನ್ನು ನಡೆಸಿ ಮಗ ಈರಣ್ಣನನ್ನು ದೊಡ್ಡವನನ್ನಾಗಿ ಮಾಡಿದವಳು. ಗಟ್ಟಿ ಹೆಂಗಸು. ಮಾತು ಖಾರ, ಕೈ ಧಾರಾಳ. ನಾನು ಅವಳನ್ನು ಯಾವಾಗಲೂ ಕೆಳಗಿನಿಂದಲೇ ನೋಡಿದವನು: ಮೊದಲು ಮೂಗು ಕಾಣುತ್ತಿತ್ತು, ಆಮೇಲೆ ಉಳಿದದ್ದು.

ಆ ಮೂಗಿನ ಬಗ್ಗೆ ಹೇಳಲೇಬೇಕು. ಅವರ ಮನೆಯಲ್ಲಿ ಒಂದು ಪದ್ಧತಿ. ಜಗಲಿಯ ಮೇಲಿನ ದೇವರಿಗೆ ಎಡೆ ಹಿಡಿದು, ಉಣ್ಣಲು ಬಂದವರಿಗೆ ಬಡಿಸುವ ತನಕ ಅಡುಗೆ ಮಾಡಿದವರು ನಾಲಿಗೆಗೆ ಏನನ್ನೂ ಹಚ್ಚಬಾರದು. ಹಚ್ಚಿದರೆ ಎಂಜಲು. ಉಪ್ಪು ಸರಿಯೇ, ಬೆಂದಿದೆಯೇ, ಕಹಿಯಾಗಿದೆಯೇ ಎಲ್ಲವನ್ನೂ ವಾಸನೆಯಿಂದಲೇ ತಿಳಿಯಬೇಕು. ಸಾವಂತ್ರವ್ವನ ಅತ್ತೆ ಹಾಗೆ ಕಲಿಸಿದ್ದಳು, ಇವಳು ಹಾಗೇ ಕಲಿತಿದ್ದಳು.

ಬೇಸಿಗೆ ಬಂತೆಂದರೆ ಅವಳ ಸುಟ್ಟ ಪಚಡಿಗೆ ಜನ ಕಾಯುತ್ತಿದ್ದರು. ಬಿಸಿಲಿಗೆ ಎಣ್ಣೆಗಾಯಿ ಬೇಡವೆನ್ನುವವರು, ಸಾರು ಬೇಡವೆನ್ನುವವರು, ಇದನ್ನು ಮಾತ್ರ ಎರಡು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಶೆಗಡಿಯಲ್ಲಿ ಇದ್ದಿಲು ಕೆಂಪಗಾಗಿ ಮೇಲೆ ಬೂದಿ ಕಟ್ಟಿದಾಗ ನನ್ನನ್ನು ಅದರ ಮೇಲೆ ಇಡುವಳು. ನನಗೆ ಕುಸುಬೆ ಎಣ್ಣೆಯ ಅರಿವೆ ಒರೆಸುವಳು, ಅಷ್ಟು ಮಾತ್ರ ನನಗೆ ಸಿಗುವ ಉಪಚಾರ. ಮುಳ್ಳು ತೆಗೆದ ಬದನೆಕಾಯಿ, ಡೊಣ್ಣಮೆಣಸಿನಕಾಯಿ, ಎರಡು ಹೋಳಾದ ಉಳ್ಳಾಗಡ್ಡಿ, ಗಟ್ಟಿ ಟೊಮ್ಯಾಟೊ ಒಂದಾದಮೇಲೆ ಒಂದು ನನ್ನ ಬೆನ್ನೇರುತ್ತಿದ್ದವು. ಅವಳು ಗಡಿಯಾರ ನೋಡುತ್ತಿರಲಿಲ್ಲ, ಚುಚ್ಚಿಯೂ ನೋಡುತ್ತಿರಲಿಲ್ಲ. ಬಾಗಿ ಒಮ್ಮೆ ಉಸಿರೆಳೆದರೆ ಸಾಕು. ಇದನ್ನು ತಿರುವು, ಇದನ್ನು ಇಳಿಸು. ಒಳಗೆ ಹುಳವಿದ್ದ ಬದನೆಕಾಯಿ ಹೊರಗೆ ಎಷ್ಟೇ ಮಿರಮಿರ ಮಿಂಚಲಿ, ಕಾವು ತಾಗಿದ ಕೂಡಲೇ ಅವಳ ಮೂಗಿಗೆ ಸಿಕ್ಕಿಬೀಳುತ್ತಿತ್ತು. ಥೂ ಎಂದು ಹಿತ್ತಲಿಗೆ ಎಸೆಯುತ್ತಿದ್ದಳು.

ಆಮೇಲೆ ಸಿಪ್ಪೆ ಸುಲಿದು, ಕೈಯಿಂದ ದಪ್ಪಗೆ ಹರಿದು, ಹಸಿ ಸೌತೆಕಾಯಿಯ ಹೋಳು ಸೇರಿಸಿ, ಅದರ ಮೇಲೆ ಸೊಪ್ಪು. ಎಳೆ ಮೆಂತ್ಯ, ಕೊತ್ತಂಬರಿ, ಉಳ್ಳಾಗಡ್ಡಿ ತಪ್ಪಲು, ನಾಲ್ಕೇ ಎಲೆ ಪುದೀನಾ. ಸೊಪ್ಪನ್ನು ಅವಳು ಹೆಚ್ಚುತ್ತಿರಲಿಲ್ಲ, ಚಿವುಟುತ್ತಿದ್ದಳು. ಹುರಿದ ಶೇಂಗಾದ ತರಿ, ಹಸಿ ಎಣ್ಣೆ, ಲಿಂಬೆ. ಸುಟ್ಟ ಬಿಸಿಗೆ ಹಸಿ ಸೊಪ್ಪು ಬಿದ್ದಾಗ ಏಳುವ ಘಮ ಹೊರಗೆ ಕೂತವರನ್ನು ತಟ್ಟೆಯ ಮುಂದೆ ನೆಟ್ಟಗೆ ಕೂರಿಸುತ್ತಿತ್ತು. ಸಾವಂತ್ರವ್ವನ ಕೈಗುಣ ಎನ್ನುತ್ತಿದ್ದರು. ನನ್ನ ಬೆನ್ನಿನ ಗುಣ ಎಂದು ಒಬ್ಬನೂ ಅನ್ನಲಿಲ್ಲ, ಇರಲಿ.

ಈರಣ್ಣನಿಗೆ ಮದುವೆಯಾಗಿ ದಾಕ್ಷಾಯಣಿ ಬಂದಳು. ಮೆಲುದನಿಯ ಹುಡುಗಿ. ಅವಳಿಗೆ ಒಲೆಯ ಮುಂದೆ ಕೂರುವ ಆಸೆ. ಸಾವಂತ್ರವ್ವ ಕೂರಿಸಲಿಲ್ಲ. ಸಂತೆಯಿಂದ ಕಾಯಿಪಲ್ಲೆ ತರುವುದು, ಸೊಪ್ಪು ಸೋಸುವುದು, ಇದ್ದಿಲು ಹೊತ್ತಿಸುವುದು, ಇಷ್ಟು ಅವಳ ಪಾಲಿಗೆ. ಅವಳು ಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಲೇ ಅತ್ತೆಯ ಕೈ ನೋಡಿ ಕಲಿಯುತ್ತಿದ್ದಳು. ನಾನು ಬಲ್ಲೆ. ತಿರುವುವ ಹೊತ್ತು ಬಂದಾಗ ಅಲ್ಲಿ ಅವಳ ಕೈಯೂ ತಿಕ್ಕುವುದನ್ನು ನಿಲ್ಲಿಸುತ್ತಿತ್ತು.

ಒಂದು ಚಳಿಗಾಲ ಸಾವಂತ್ರವ್ವ ಜ್ವರದಲ್ಲಿ ಮಲಗಿದಳು. ಎದ್ದಾಗ ಸ್ವಲ್ಪ ಸೊರಗಿದ್ದಳು, ಅಷ್ಟೇ. ಬಾಯಿ ಸಪ್ಪೆ ಎನ್ನುತ್ತಿದ್ದಳು. ಜ್ವರದ ಬಾಯಿ, ಸರಿಹೋಗುತ್ತದೆ ಎಂದುಕೊಂಡರು ಎಲ್ಲರೂ. ಬೇಸಿಗೆ ಬಂತು, ನನ್ನನ್ನು ಅಟ್ಟದಿಂದ ಇಳಿಸಿದಳು, ಬದನೆಕಾಯಿ ಇಟ್ಟಳು, ಬಾಗಿ ಉಸಿರೆಳೆದಳು. ಕಾದಳು. ಮತ್ತೆ ಉಸಿರೆಳೆದಳು. ಬರಬೇಕಾದ ವಾಸನೆ ಬಂದು, ನಿಂತು, ಹೋಗಿ, ಅದರ ಹಿಂದೆ ಸೀದ ವಾಸನೆಯೂ ಬಂತು. ಅವಳು ಇನ್ನೂ ಕಾಯುತ್ತಲೇ ಇದ್ದಳು. ತಿರುವೇ ತಾಯಿ, ಕರಕಲಾಗುತ್ತಿದೆ ಎಂದು ನನ್ನ ಪ್ರತಿ ಸರಳೂ ಒದ್ದಾಡಿತು. ಕಬ್ಬಿಣದ ಒದ್ದಾಟ ಯಾರಿಗೆ ಕೇಳಿಸಬೇಕು!

ಕಟ್ಟೆಯಿಂದ ದಾಕ್ಷಾಯಣಿ ಹೆದರುತ್ತಲೇ ಅಂದಳು, "ಅತ್ತಿ, ಬದನಿಕಾಯಿ ಹೊತ್ತಾಕತ್ತಾವ್ರಿ."

"ನನಗೇನ್ ಮೂಗಿಲ್ಲೇನು?" ಎಂದಳು ಸಾವಂತ್ರವ್ವ. "ನೀ ಹುಟ್ಟೋಕಿಂತ ಮೊದ್ಲಿಂದ ಸುಡಾಕತ್ತೇನಿ ನಾ."

ದಾಕ್ಷಾಯಣಿ ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಸಾವಂತ್ರವ್ವ ಸುಳ್ಳು ಹೇಳಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ತನಗೆ ವಾಸನೆ ಹೋಗಿದೆ ಎಂಬುದು ಆಗ ಅವಳಿಗೇ ಗೊತ್ತಿರಲಿಲ್ಲ. ವಾಸನೆ ಬರುತ್ತಿಲ್ಲ ಎಂದರೆ ಕಾಯಿ ಇನ್ನೂ ಬೆಂದಿಲ್ಲ, ಇದ್ದಿಲಿಗೆ ಕಾವಿಲ್ಲ, ಸೊಪ್ಪು ಹಳೆಯದು ಎಂದೇ ಅವಳ ಲೆಕ್ಕ. ಕಣ್ಣು ಮಂಜಾದರೆ ಗೊತ್ತಾಗುತ್ತದೆ, ಕಿವಿ ಮಂದವಾದರೆ ಮಂದಿ ಹೇಳುತ್ತಾರೆ. ಮೂಗು ಹೋದದ್ದು ಹೇಗೆ ಗೊತ್ತಾಗಬೇಕು?

ಊಟಕ್ಕೆ ಬಂದವರು ಮೊದಲು ಸುಮ್ಮನೆ ತಟ್ಟೆಯ ಅಂಚಿಗೆ ಪಚಡಿ ಸರಿಸಿದರು. ಒಂದು ದಿನ ಬ್ಯಾಂಕಿನವರೊಬ್ಬರ ತಟ್ಟೆಯಲ್ಲಿ ಹುಳ ಬಂತು. ಅವರು ಏನೂ ಅನ್ನದೆ ಕೈ ತೊಳೆದುಕೊಂಡು ಹೋದರು, ಮರುದಿನ ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಾವಂತ್ರವ್ವ ಅವತ್ತು ಶೆಗಡಿಯ ಮುಂದೆ ಬಹಳ ಹೊತ್ತು ಕೂತಿದ್ದಳು. ಕೊನೆಗೆ ಅವಳಿಗೆ ಕಾರಣ ಸಿಕ್ಕಿತು. ಕಾಯಿ ತರುವವಳು ಯಾರು? ಸೊಪ್ಪು ಮುಟ್ಟುವವಳು ಯಾರು? ಇದ್ದಿಲು ಹೊತ್ತಿಸುವವಳು ಯಾರು? ಸೊಸೆಯ ಕೈಗುಣ ಸರಿಯಿಲ್ಲ.

ಕೈಗುಣ ಎಂಬ ಮಾತು ಅಡುಗೆಯವರ ಮನೆಯಲ್ಲಿ ಸಣ್ಣದಲ್ಲ. ದಾಕ್ಷಾಯಣಿಗೆ ಸಂತೆ ಬಂದ್, ಸೊಪ್ಪು ಬಂದ್, ಶೆಗಡಿ ಬಂದ್. ಬರೀ ಮುಸುರೆ. ಈರಣ್ಣನೇ ಕಾಯಿ ತಂದ, ಸಾವಂತ್ರವ್ವನೇ ಇದ್ದಿಲು ಹೊತ್ತಿಸಿದಳು. ಪಚಡಿ ಸೀದಿತು. ಈಗಲಾದರೂ ತಿಳಿಯುತ್ತದೆ ಎಂದುಕೊಂಡೆ. ಸೊಸೆ ತೊಳೆದ ಪಾತ್ರೆಯಲ್ಲಿ ಕಲಸಿದ್ದಕ್ಕೆ ಹೀಗಾಯಿತು ಎಂದಳು ಸಾವಂತ್ರವ್ವ. ಅಯ್ಯೋ ನನ್ನ ಕರ್ಮವೇ! ಸೀಯುವುದು ನನ್ನ ಬೆನ್ನ ಮೇಲೆ, ನನಗೆ ಗೊತ್ತು ಯಾಕೆ ಎಂದು, ಹೇಳಲು ಮಾತ್ರ ಬಾಯಿಲ್ಲ.

ಈರಣ್ಣ ಕೆಟ್ಟವನಲ್ಲ, ಗಟ್ಟಿಯವನೂ ಅಲ್ಲ. ಖಾನಾವಳಿ ಖಾಲಿಯಾಗುತ್ತಾ ಬಂದಾಗ, ಸ್ವಲ್ಪ ದಿನ ತವರಿನಲ್ಲಿದ್ದು ಬಾ ಎಂದು ಹೆಂಡತಿಗೆ ಹೇಳಿದ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಅವಳು ಕೇಳಲಿಲ್ಲ. ಕೈಗುಣ ಸರಿಯಿಲ್ಲ ಎಂದು ಕಳಿಸಿದ ಸೊಸೆಯನ್ನು ಮತ್ತೆ ಯಾವ ಮುಖದಲ್ಲಿ ಕರೆಸುತ್ತಾರೆ? ಅವಳ ಅಣ್ಣ ಶೇಖಪ್ಪ ಕರೆದೊಯ್ಯಲು ಬಂದ.

ಬೀಗರ ಮನೆಯವನು ಉಣ್ಣದೆ ಹೋಗಬಾರದು. ಸಾವಂತ್ರವ್ವ ತಾನೇ ಕೂತು ಅವನಿಗಾಗಿ ಬದನೆಕಾಯಿ ಸುಡತೊಡಗಿದಳು. ಶೇಖಪ್ಪ, ಈರಣ್ಣ ಹೊರಗೆ ಟೇಬಲ್ಲಿನ ಹತ್ತಿರ. ದಾಕ್ಷಾಯಣಿ ಚೀಲ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಾವಂತ್ರವ್ವ ಸೊಪ್ಪಿನ ಬುಟ್ಟಿಗೆ ಕೈ ಚಾಚಿದಾಗ ಅವಳ ಸೆರಗಿನ ತುದಿ ಶೆಗಡಿಯ ಬಾಯಿಗೆ ಜಾರಿತು. ನೂಲಿನ ಸೀರೆ. ಉರಿ ಏಳಲಿಲ್ಲ, ಬರೀ ಹೊಗೆ. ಕೆಂಪು ಅಂಚು ಮೆಲ್ಲಗೆ ಮೇಲೆ ಹತ್ತುತ್ತಿತ್ತು, ಅವಳ ಬೆನ್ನ ಕಡೆಗೆ. ಅವಳು ಆರಾಮವಾಗಿ ಕೊತ್ತಂಬರಿ ಚಿವುಟುತ್ತಿದ್ದಳು. ನಾನು ಅವಳ ಕೈಯಳತೆಯಲ್ಲೇ ಇದ್ದೆ. ಅಷ್ಟು ಹತ್ತಿರದಲ್ಲಿದ್ದೂ ಅಷ್ಟು ನಿಷ್ಪ್ರಯೋಜಕನಾಗಿದ್ದು ನನ್ನ ಜನ್ಮದಲ್ಲೇ ಅವತ್ತು.

ದಾಕ್ಷಾಯಣಿಯ ಮೂಗಿಗೆ ಅರಿವೆ ಸುಟ್ಟ ವಾಸನೆ ಬಡಿಯಿತು. ಚೀಲ ಎಸೆದು ಓಡಿ ಬಂದು, ಸೆರಗನ್ನು ಎರಡೂ ಕೈಯಲ್ಲಿ ಹಿಸುಕಿ, ಕೊಡದ ನೀರನ್ನು ಸುರಿದಳು. ಅರ್ಧ ನೀರು ಅತ್ತೆಯ ಮೇಲೆ, ಅರ್ಧ ನನ್ನ ಮೇಲೆ. ಕೆಂಪಗೆ ಕಾದಿದ್ದ ನನಗೆ ತಣ್ಣೀರು ಬಿದ್ದು, ಮೌನೇಶಪ್ಪ ಕೂಡಿಸಿದ ಕೂಡು ಎರಡು ಕಡೆ ಟಣ್ಣೆಂದು ಬಿಟ್ಟಿತು. ನೋವಾಯಿತೇ ಎಂದರೆ ಆಯಿತು. ಆದರೆ ಸಾವಂತ್ರವ್ವ ಉಳಿದಳಲ್ಲ ಎಂದು ಹಗುರವೂ ಆಯಿತು.

ಸಾವಂತ್ರವ್ವ ಸುಟ್ಟ ಸೆರಗನ್ನು ನೋಡಿದಳು. ಒಂದು ಮೊಳ ಹೋಗಿತ್ತು. ಅದನ್ನು ಮೂಗಿನ ಹತ್ತಿರ ತಂದಳು. ಕೊತ್ತಂಬರಿಯ ಕಟ್ಟನ್ನೇ ಹಿಸುಕಿ ಮೂಗಿಗೆ ಒತ್ತಿಕೊಂಡಳು. ಪುದೀನಾ ಹಿಸುಕಿದಳು. ಕರಕಲಾದ ಬದನೆಕಾಯಿಯನ್ನು ಕೈಗೆತ್ತಿಕೊಂಡು ಉಸಿರೆಳೆದಳು. ಆ ಮುಖವನ್ನು ನಾನು ಕೆಳಗಿನಿಂದ ನೋಡಿದೆ, ನೋಡಬಾರದಿತ್ತು ಅನ್ನಿಸಿತು. ದಾಕ್ಷಾಯಣಿಯೂ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

ಒಂದು ಮಾತು ಸಾಕಿತ್ತು, ಹೋಗಬೇಡ ಎಂಬ ಒಂದು ಮಾತು. ದಾಕ್ಷಾಯಣಿ ಬೊಬ್ಬೆ ಎದ್ದ ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅದಕ್ಕಾಗಿಯೇ ನಿಂತಿದ್ದಳು. ಸಾವಂತ್ರವ್ವನ ತುಟಿ ಎರಡು ಸಲ ಅಲುಗಿತು. ಒಲೆ ಬಿಟ್ಟರೆ ಈ ಮನೆಯಲ್ಲಿ ತಾನು ಯಾರು ಎಂಬ ಹೆದರಿಕೆ ಅವಳ ಕಣ್ಣಲ್ಲಿತ್ತು. ಹೊರಗಿನಿಂದ ಈರಣ್ಣ, ಊಟ ಇರಲಿ, ಬಸ್ಸಿಗೆ ಹೊತ್ತಾಯಿತು ಎಂದು ಕೂಗಿದ. ದಾಕ್ಷಾಯಣಿ ಚೀಲ ಎತ್ತಿಕೊಂಡಳು.

"ಬರ್ತೇನ್ರಿ ಅತ್ತಿ. ಶೆಗಡಿ ಹತ್ರ ಒಬ್ರೇ ಕುಂದರಬ್ಯಾಡ್ರಿ" ಎಂದಳು.

ಅವತ್ತಿನಿಂದ ಸುಟ್ಟ ಪಚಡಿ ನಿಂತಿತು. ಜಾಲರಿ ಮುರಿದಿದೆ ಎಂದು ಸಾವಂತ್ರವ್ವ ಎಲ್ಲರಿಗೂ ಹೇಳಿದಳು. ನೋಡಿ, ತಪ್ಪು ಸೊಸೆಯ ತಲೆಯಿಂದ ಇಳಿದು ನನ್ನ ತಲೆಗೆ ಬಂತು. ಕೂಡು ಬೆಸೆದರೆ ನಾನು ಸರಿಯಾಗುತ್ತಿದ್ದೆ, ಅವಳು ಬೆಸೆಯಿಸಲಿಲ್ಲ. ರೊಟ್ಟಿ ಬಡಿಯಲು ಒಬ್ಬ ಹೆಂಗಸು ಬಂದಳು. ನನ್ನನ್ನು ಜೋಳದ ಚೀಲದ ಪಕ್ಕದ ಮೂಲೆಗೆ ಒರಗಿಸಿದರು, ಅಲ್ಲೇ ತುಕ್ಕು ಹಿಡಿಯುತ್ತಾ ಇದ್ದೇನೆ.

ಮಳೆಗಾಲ ಕಳೆಯಿತು, ಚಳಿಯೂ ಕಳೆಯಿತು. ಈರಣ್ಣ ಒಮ್ಮೆ ಹೆಂಡತಿಯನ್ನು ನೋಡಲು ಹೋಗಿ ಬಂದ. ತಾನಾಗಿ ಕರೆಯುವ ಧೈರ್ಯ ಅವನಿಗೆ ಇರಲಿಲ್ಲ, ಬರುತ್ತೇನೆ ಎಂದು ಅವಳೂ ಅನ್ನಲಿಲ್ಲ. ಅತ್ತೆಯ ಬಗ್ಗೆ ಏನಾದರೂ ಅಂದಳೇ ಎಂದರೆ, ಆರೋಗ್ಯ ಕೇಳಿದಳಂತೆ, ಅಷ್ಟೇ. ಬರುವಾಗ ಒಂದು ಡಬ್ಬಿ ಕಟ್ಟಿಕೊಟ್ಟಿದ್ದಳು. ಸುಟ್ಟ ಪಚಡಿ. ಸೊಪ್ಪು ಬಾಡಬಾರದೆಂದು ಬೇರೆ ಪೊಟ್ಟಣದಲ್ಲಿ ಇಟ್ಟಿದ್ದಳು.

ಸಾವಂತ್ರವ್ವ ನನ್ನ ಮೂಲೆಯ ಹತ್ತಿರವೇ ಕೂತು ಡಬ್ಬಿ ತೆರೆದಳು. ಸೊಪ್ಪು ಬೆರೆಸಿದಳು. ಬಾಗಿ ಉಸಿರೆಳೆದಳು. ಆಮೇಲೆ ಒಂದು ತುತ್ತು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು.

"ವಾಸನಿ ಹೆಂಗೈತೋ ಈರಣ್ಣಾ?" ಎಂದು ಕೇಳಿದಳು.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವಳು ಮತ್ತೆ ಕೇಳಿದಳು. ಅವನು ಡಬ್ಬಿಗೆ ಬಾಗಿ ಮೂಸಿ ನೋಡಿ ಅಂದ.

"ನಿನ್ನ ಕೈಯಾಗ ಆಗತಿದ್ದಂಗ ಐತವ್ವಾ."

ಸಾವಂತ್ರವ್ವ ತಲೆಯಾಡಿಸಿದಳು. ಕಣ್ಣೀರು ಬಂದದ್ದನ್ನು ಒರೆಸಿಕೊಳ್ಳಲೂ ಇಲ್ಲ.

"ಆಕಿ ಕೈಗುಣದಾಗ ಏನೂ ತಪ್ಪಿರಲಿಲ್ಲ. ನನ್ನ ಮೂಗು ಹೋಗೇತಿ. ಆಕಿ ಹೋದ ದಿನಾನ ನನಗ ಗೊತ್ತಾಗಿತ್ತು, ಆಕಿಗೂ ಗೊತ್ತಾಗಿತ್ತು. ನಾ ಹೇಳಲಿಲ್ಲ."

ಈರಣ್ಣ ಗೋಡೆ ಹಿಡಿದು ನಿಂತ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬಸ್‌ಸ್ಟ್ಯಾಂಡಿಗೆ ಹೋದನೋ, ಸುಮ್ಮನೆ ಬಿಸಿಲಲ್ಲಿ ನಿಲ್ಲಲು ಹೋದನೋ, ಈ ಮೂಲೆಯಿಂದ ಹೊಸ್ತಿಲ ಆಚೆ ನನಗೆ ಕಾಣುವುದಿಲ್ಲ. ಕರೆದರೆ ಆಕೆ ಬರುತ್ತಾಳೋ ಇಲ್ಲವೋ, ಅದೂ ಗೊತ್ತಿಲ್ಲ. ಬರಲೇಬೇಕು ಎಂದು ಹೇಳುವ ಹಕ್ಕು ಇನ್ನು ಈ ಮನೆಯಲ್ಲಿ ಯಾರಿಗೂ ಇಲ್ಲ. ನಾವು ಕಬ್ಬಿಣದವರು, ಹೇಳಲಾರದೆ ಸುಮ್ಮನಿರುತ್ತೇವೆ. ಹೇಳಬಲ್ಲವರೂ ಸುಮ್ಮನಿದ್ದುಬಿಟ್ಟರೆ ಏನು ಮಾಡಬೇಕೋ ನನಗೆ ತಿಳಿಯದು.

ಸಾವಂತ್ರವ್ವ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಏನೂ ವಾಸನೆಯಿಲ್ಲದ ಆ ಪಚಡಿಯನ್ನು ಒಂದು ಎಲೆಯೂ ಬಿಡದೆ ಪೂರ್ತಿ ಉಂಡಳು.