ಕುಳಿ ಬಿಡದವನು

ಫೋನು ಬಂದಾಗ ಕೊರಿನ್ ಅಡುಗೆಮನೆಯಲ್ಲಿ ನಿಂತುಕೊಂಡೇ ತಣ್ಣಗಿನ ಬೀನ್ಸ್ ತಿನ್ನುತ್ತಿದ್ದಳು. ಗಂಡನನ್ನು ಮಣ್ಣು ಮಾಡಿ ಬಂದದ್ದು ನಿನ್ನೆ. ಇವತ್ತು ಕಸದ ಗಾಡಿ ಎಂದಿನ ಹೊತ್ತಿಗೇ ಬಂದು ಹೋಗಿತ್ತು. ಫ್ರಿಜ್ಜಿನ ತುಂಬ ಊರವರು ತಂದುಕೊಟ್ಟ ಪಾತ್ರೆಗಳು, ಒಂದೊಂದರ ತಳಕ್ಕೂ ಅವರವರ ಹೆಸರು ಬರೆದ ಟೇಪು. ಅತ್ತುಬಿಡು, ಹಗುರಾಗುತ್ತೆ ಎಂದು ಅಕ್ಕ ಹೊರಡುವಾಗ ಹೇಳಿದ್ದಳು. ಅಳು ಬಂದಿರಲಿಲ್ಲ. ಹಸಿವೆ ಮಾತ್ರ ಆಗುತ್ತಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು.

ಕರೆ ಮಾಡಿದವನು ಮರ್ಟನ್ ಸ್ಟಿಕ್ನಿ. ಗುಡ್ಡದ ಮೇಲಿನ ಕಾಡು ಅವನದು. ಅವಳ ಗಂಡ ವೆಸ್ ಬಿಡುವು ಸಿಕ್ಕಾಗಲೆಲ್ಲ ಮೆಟಲ್ ಡಿಟೆಕ್ಟರ್ ಹಿಡಿದು, ನೆಲದಡಿಯ ಹಳೆಯ ಲೋಹದ ಸಾಮಾನು ಹುಡುಕುತ್ತ ಅಲೆಯುತ್ತಿದ್ದದ್ದು ಅಲ್ಲೇ. ಮುದುಕ ಮೊದಲು ಚಳಿಯ ಬಗ್ಗೆ ಮಾತಾಡಿದ, ಆಮೇಲೆ ಪಾದ್ರಿಯ ಕೆಮ್ಮಿನ ಬಗ್ಗೆ. ವಿಷಯಕ್ಕೆ ಬರುವುದಕ್ಕೆ ಅವನಿಗೆ ಕಷ್ಟವಾಗುತ್ತಿತ್ತು.

"ಇವತ್ತು ಕೇಳೋ ಮಾತಲ್ಲ ಕಣಮ್ಮ ಇದು. ವೆಸ್ ನಮ್ಮನೆ ಹಾರೆ ತಗೊಂಡು ಹೋಗಿದ್ದ. ಬೇಲಿ ಕಂಬ ಒಂದು ವಾಲಿದೆ, ನೆಲ ಹೆಪ್ಪುಗಟ್ಟೋ ಮುಂಚೆ ನಿಲ್ಲಿಸೋಣ ಅಂತ. ನಿಧಾನಕ್ಕೆ ಕೊಡು, ಅವಸರ ಇಲ್ಲ."

"ಹಾರೆ ಯಾತಕ್ಕೆ ಬೇಕಿತ್ತು ಅವನಿಗೆ?"

"ಅದೇನೋ ಕಲ್ಲು ಎತ್ತಬೇಕು ಅಂದ. ನಾನು ಜಾಸ್ತಿ ಕೇಳೋಕೆ ಹೋಗಲಿಲ್ಲ."

ಆಮೇಲೆ ಮಾತಿಗೆ ಮಾತು ಸೇರಿಸಬೇಕೆಂದು ಮಗಳ ಸುದ್ದಿ ತೆಗೆದ. ನಾಳೆಯಿಂದ ಜಿಂಕೆ ಬೇಟೆ ಶುರು. ಆರ್ಡಿತ್ ಬೆಳಕು ಹರಿಯುವ ಮುಂಚೆ ಒಬ್ಬಳೇ ಮೇಲಕ್ಕೆ ಹೋಗುತ್ತಾಳಂತೆ, ಕಾಡಿನೊಳಗಿನ ಪಾಳುಮನೆಯ ಹತ್ತಿರಕ್ಕೆ. ಅಲ್ಲಿನ ಹಳೆಯ ಸೇಬಿನ ಮರಕ್ಕೆ ಜಿಂಕೆ ಬರುತ್ತವೆ. ಟಾರ್ಚು ಹಾಕಿದರೆ ಓಡಿಹೋಗುತ್ತವೆಂದು ಕತ್ತಲಲ್ಲೇ ನಡೆಯುತ್ತಾಳೆ, ಕಣ್ಣು ಕಟ್ಟಿದರೂ ದಾರಿ ಗೊತ್ತು ಅವಳಿಗೆ ಎಂದ.

ಕೊರಿನ್ ಫೋನಿಟ್ಟಳು. ಚಮಚ ಬೀನ್ಸಿನೊಳಗೇ ಉಳಿಯಿತು.

ಕಲ್ಲು. ಆ ಕೊನೆಯ ಸಂಜೆ ವೆಸ್ ಕೂದಲಲ್ಲಿ ಓಕ್ ಎಲೆ ಸಿಕ್ಕಿಸಿಕೊಂಡೇ ಒಳಗೆ ಬಂದು, ಕೈ ತೊಳೆಯುತ್ತ, "ಬಾವಿ ಸಿಕ್ತು ಕಣೇ" ಎಂದಿದ್ದ. ಆ ಪಾಳುಮನೆ ಇಂಗ್ಲೆಂಡಿನ ರಾಜನ ಆಳ್ವಿಕೆಯಲ್ಲಿ ಕಟ್ಟಿದ್ದು. ಒಡೆದದ್ದು, ಬಚ್ಚಿಟ್ಟದ್ದು, ಬೇಡವಾದದ್ದು ಎಲ್ಲವನ್ನೂ ಜನ ಬಾವಿಗೇ ಹಾಕುತ್ತಿದ್ದರು. ಚಪ್ಪಡಿ ಸರಿಸಿ ಬಂದಿದೀನಿ, ನಾಳೆ ಏಣಿ ಹಗ್ಗ ತಗೊಂಡು ಹೋಗ್ತೀನಿ ಎಂದ. ಬಾಯಿ ತೆರೆದೇ ಬಿಟ್ಟು ಬಂದ್ಯಾ ಎಂದು ಅವಳು ಕೇಳಿದ್ದಳು.

"ಹುಚ್ಚೇನೇ? ಕೊಂಬೆ ಹಾಸಿ, ಮೇಲೆ ತರಗೆಲೆ ಹರಡಿದೀನಿ. ಪಕ್ಕದಲ್ಲಿ ನಿಂತ್ರೂ ನಿಂಗೆ ಗೊತ್ತಾಗಲ್ಲ."

ಅವಳು ನಕ್ಕಿದ್ದಳು. ಸೌದೆ ತರುತ್ತೇನೆಂದು ಅವನು ಹೊರಗೆ ಹೋದ. ಮೆಟ್ಟಿಲ ಬಳಿ ಬಿದ್ದವನು ಮತ್ತೆ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು. ಅಂದಿನಿಂದ ಬಾವಿಯ ನೆನಪೇ ಅವಳಿಗೆ ಬಂದಿರಲಿಲ್ಲ.

ಈಗಲೇ ಫೋನು ತಿರುಗಿಸಿ ಮರ್ಟನ್‌ಗೆ ಹೇಳಿಬಿಡಬಹುದಿತ್ತು. ಕೈ ಫೋನಿನ ತನಕ ಹೋಗಿ ನಿಂತಿತು. ಹಿಂದೆ ಯಾರೋ ನಾಣ್ಯ ಹುಡುಕುವವನು ಅಗೆದು ಹಾಗೇ ಬಿಟ್ಟ ಕುಳಿಗೆ ಕಾಲಿಟ್ಟು ಮರ್ಟನ್ನನ ಕಡಸೊಂದು ಕಾಲು ಮುರಿದುಕೊಂಡಿತ್ತು. ಆಮೇಲೆ ಆ ಮಂದಿ ಯಾರನ್ನೂ ಅವನು ಕಾಡಿಗೆ ಬಿಟ್ಟಿರಲಿಲ್ಲ, ವೆಸ್ ಒಬ್ಬನನ್ನು ಬಿಟ್ಟು. ವೆಸ್ ಹುಲ್ಲಿನ ಹೆಂಟೆಯನ್ನು ಮುಚ್ಚಳದಂತೆ ಎತ್ತಿ, ಒಳಗಿನ ಹಿತ್ತಾಳೆ ಬಕಲೋ ಸೀಸದ ಗುಂಡೋ ತೆಗೆದುಕೊಂಡು, ಮಣ್ಣು ತುಂಬಿ, ಹೆಂಟೆ ಮುಚ್ಚಿ, ಅಂಗೈಯಲ್ಲಿ ತಟ್ಟಿ, ಮೇಲೆ ಎಲೆ ಉದುರಿಸುತ್ತಿದ್ದ. ಒಳ್ಳೆಯ ಜಾಗ ಸಿಕ್ಕರಂತೂ ಇನ್ನಷ್ಟು ಎಲೆ. ಕದ್ದು ಬಂದು ಇನ್ನೊಬ್ಬರ ಜಾಗ ಅಗೆಯುವವರಿಗೂ ಬರವಿರಲಿಲ್ಲ. ನಿನ್ನೆ ಚರ್ಚಿನಲ್ಲಿ ಮರ್ಟನ್ ಎದ್ದು ನಿಂತು ಹೇಳಿದ್ದೂ ಅದನ್ನೇ. "ಈ ಹುಡುಗ ಒಂದು ಕುಳಿ ಬಿಟ್ಟು ಹೋದವನಲ್ಲ. ಅವನು ಅಗೆದ ಜಾಗದ ಮೇಲೆ ನಡೆದ್ರೆ ಕಾಲಿಗೇ ಗೊತ್ತಾಗ್ತಿರಲಿಲ್ಲ." ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ನಿನ್ನೆ ಇಡೀ ದಿನದಲ್ಲಿ ಅವಳಿಗೆ ನೆನಪಿದ್ದದ್ದು ಅದೊಂದೇ ಮಾತು. ಬಾವಿಯನ್ನು ತಾನೇ ಮುಚ್ಚಿ ಬಂದರೆ ಆ ಮಾತು ಹಾಗೇ ಉಳಿಯುತ್ತದೆ.

ಹಾರೆ ಪಿಕಪ್‌ನ ಹಿಂಬದಿಯಲ್ಲಿ, ಡಿಟೆಕ್ಟರಿನ ಕೆಳಗೆ ಬಿದ್ದಿತ್ತು. ಬಂದೂಕು ಹಿಡಿದವರು ಜಿಂಕೆಯೆಂದು ತಪ್ಪು ತಿಳಿಯದಿರಲೆಂದು ಕೊರಿನ್ ಕಂದು ಕೋಟಿನ ಮೇಲೆ ವೆಸ್‌ನ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡಳು. ಮರ್ಟನ್‌ಗೆ ಕಾಣಬಾರದೆಂದು ಗುಡ್ಡ ಸುತ್ತಿ, ಆಚೆ ಬದಿಯ ಹಳೆಯ ಗಾಡಿದಾರಿಯಲ್ಲಿ ಪಿಕಪ್ ನಿಲ್ಲಿಸಿದಳು.

ಎಲೆ ಉದುರಿ ಕಾಡು ಬರಿದಾಗಿತ್ತು. ಎಂದೋ ಹೊಲಗಳಿದ್ದ ಕಾಲದ ಕಲ್ಲಿನ ಗೋಡೆಗಳು ಮರಗಳ ನಡುವೆ ಹರಿದುಕೊಂಡು ಹೋಗಿದ್ದವು, ಯಾವ ಹೊಲವನ್ನೂ ಕಾಯದೆ. ದೂರದಲ್ಲಿ ಗುಂಡಿನ ಸದ್ದು ಕೇಳಿ ಅವಳು ಬೆಚ್ಚಿಬಿದ್ದಳು. ಜಲ್ಲಿ ತೆಗೆದ ಹಳ್ಳದಲ್ಲಿ ಆರ್ಡಿತ್ ಬಂದೂಕಿನ ಗುರಿ ಸರಿಮಾಡಿಕೊಳ್ಳುತ್ತಿರಬೇಕು. ಗೊತ್ತಿದ್ದರೂ ಪ್ರತಿ ಸದ್ದಿಗೂ ಭುಜ ಕುಗ್ಗುತ್ತಿತ್ತು.

ಪಾಳುಮನೆಯ ನೆಲಮಾಳಿಗೆ ಸಿಕ್ಕಿತು. ಚೌಕಾಕಾರದ ಹೊಂಡ, ಅದರೊಳಗಿಂದ ಎದ್ದ ಮೇಪಲ್ ಮರ. ಬೇಸಿಗೆಯಲ್ಲೊಮ್ಮೆ ವೆಸ್ ಅವಳನ್ನು ಕರೆದುಕೊಂಡು ಬಂದಿದ್ದ. ಬಾಗಿಲ ಕಲ್ಲು ತೋರಿಸಿ, ಇಲ್ಲಿ ಅಡುಗೆಮನೆ, ಅಂದಮೇಲೆ ಬಾವಿ ಆ ಕಡೆ ಎಲ್ಲೋ ಇರಬೇಕು ಎಂದು ಗಲ್ಲದಲ್ಲಿ ತೋರಿಸಿದ್ದ. ಅವಳು ಆಗ ಸೊಳ್ಳೆ ಹೊಡೆದುಕೊಳ್ಳುತ್ತಿದ್ದಳು. ಯಾವ ಕಡೆ ಎಂದು ಈಗ ನೆನಪಾಗಲಿಲ್ಲ.

ಸುತ್ತಲೂ ಒಂದೇ ಸಮನಾದ ತರಗೆಲೆ. ಎಲ್ಲೂ ಒಂದು ಕೊಂಬೆ ಮುರಿದಿಲ್ಲ, ಒಂದು ಹಿಡಿ ಮಣ್ಣು ಮೇಲೆ ಬಿದ್ದಿಲ್ಲ. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮುಗಿಸಿದ್ದ. ಬಾಗಿಲ ಕಲ್ಲಿನ ಮೇಲೆ ನಿಂತಾಗ, ತಾನು ಅಲ್ಲಿಯವರೆಗೆ ನಡೆದು ಬಂದದ್ದೂ ಇಂಥದೇ ಎಲೆಗಳ ಮೇಲೆ ಎಂಬುದು ಅವಳಿಗೆ ಹೊಳೆಯಿತು. ಇಷ್ಟು ದಿನ ಏನೂ ತಟ್ಟದೆ ಇದ್ದ ಮೈ ಇದು. ಈಗ ನಾಲಿಗೆ ಒಣಗಿತ್ತು, ಕಿವಿಯೊಳಗೆ ಎದೆ ಬಡಿಯುತ್ತಿತ್ತು. ಇಲ್ಲಿ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎಲೆ ಮತ್ತೆ ಉದುರುತ್ತದೆ.

ಹಾರೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಕುಟ್ಟಿದಳು. ಗಟ್ಟಿ ನೆಲ. ಅಲ್ಲಿಗೆ ಕಾಲಿಟ್ಟಳು. ಮತ್ತೆ ಕುಟ್ಟಿದಳು. ಕುಟ್ಟಿದ ಕಡೆ ಮಾತ್ರ ಕಾಲು, ಕಾಲಿಟ್ಟ ಮೇಲೆ ಉಸಿರು. ಎಲೆಗಳ ಕೆಳಗಿನ ಬೇರಿನ ಮೇಲೆ ಕಾಲು ಜಾರಿದರೂ ಅವಳ ಗಂಟಲಿನಿಂದ ಸಣ್ಣ ಸದ್ದು ಬರುತ್ತಿತ್ತು. ಲೈಲಾಕ್ ಪೊದೆಯ ತನಕ ಹೋಗಿ ಬಂದಳು, ಇಲ್ಲ. ಸೇಬಿನ ಮರದ ಕಡೆ ತಿರುಗಿದಳು. ಅಲ್ಲಿ ಜಿಂಕೆಗಳು ತುಳಿದ ಕಾಲುದಾರಿಯೊಂದು ಸಣ್ಣಗೆ ಕಾಣುತ್ತಿತ್ತು. ಆರ್ಡಿತ್ ನಡೆಯುವುದೂ ಇದರಲ್ಲೇ ಇರಬೇಕು. ಆ ದಾರಿಯ ಅಂಚಿನಲ್ಲಿ ಹಾರೆ ಇಳಿಸಿದಾಗ ನೆಲ ಸಿಗಲಿಲ್ಲ.

ಹಾರೆಯ ಭಾರ ಅವಳನ್ನೂ ಎಳೆದುಕೊಂಡಿತು. ಮೊಣಕಾಲೂರಿ, ಹೊಟ್ಟೆಯ ಮೇಲೆ ಬಿದ್ದಳು. ಕೊಂಬೆಗಳು ಲಟಲಟನೆ ಮುರಿದವು. ಕೆಳಗೆ ಎಲ್ಲೋ ನೀರಿಗೆ ಏನೋ ಬಿದ್ದ ಸದ್ದು, ಬಹಳ ತಡವಾಗಿ. ಮುಖಕ್ಕೆ ತಣ್ಣನೆಯ ಗಾಳಿ ತಾಗಿತು. ಹಳೆಯ ಮಣ್ಣಿನ ವಾಸನೆ, ನಿನ್ನೆ ಸಮಾಧಿಯ ಬಳಿ ಮೂಗಿಗೆ ಬಂದದ್ದೂ ಇದೇ. ಹಾರೆ ಇನ್ನೂ ಕೈಯಲ್ಲಿತ್ತು. ಬಿಟ್ಟುಬಿಡಬೇಕು ಅನಿಸಿತು, ಹಾರೆಯನ್ನಲ್ಲ, ತನ್ನನ್ನೇ. ತೆವಳಿ ಹಿಂದೆ ಸರಿದು ಕುಳಿತಳು.

ಚಪ್ಪಡಿ ಪಕ್ಕದಲ್ಲೇ ಎಲೆ ಹೊದ್ದು ಮಲಗಿತ್ತು. ಅದರಡಿಗೆ ಹಾರೆ ಕೊಟ್ಟು ಮೈಯ ಭಾರವೆಲ್ಲ ಹಾಕಿದಳು. ಬೆರಳಷ್ಟು ಸರಿಯಿತು. ಇನ್ನೊಮ್ಮೆ ಹಾಕಿದಾಗ ಬಾವಿಯ ಅಂಚಿನ ಕಲ್ಲೊಂದು ಕಳಚಿ ಒಳಗೆ ಬಿತ್ತು. ಮೂರನೆಯ ಸಲ ಪ್ರಯತ್ನಿಸಲು ಧೈರ್ಯ ಬರಲಿಲ್ಲ. ಕಿತ್ತಳೆ ಅಂಗಿ ಬಿಚ್ಚಿ, ಬಾವಿಯ ಮೇಲೆ ಬಾಗಿದ್ದ ಕೊಂಬೆಗೆ ಅದರ ತೋಳುಗಳನ್ನು ಕಟ್ಟಿದಳು. ಕತ್ತಲಲ್ಲಿ ಅದು ಕಾಣುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಹಾರೆ ಹೆಗಲ ಮೇಲಿಟ್ಟು ಮರ್ಟನ್ನನ ಮನೆಯ ಕಡೆಗೇ ಇಳಿದಳು. ಹೇಳಬೇಕಾದ ಮಾತು ದಾರಿಯಲ್ಲಿ ತಾನಾಗಿಯೇ ಜೋಡಣೆಯಾಗುತ್ತಿತ್ತು. ನಾವೆಲ್ಲ ಚರ್ಚಿನಲ್ಲಿದ್ದಾಗ ಯಾರೋ ಕಳ್ಳರು ಬಂದಿದ್ದಾರೆ, ಬಾವಿ ತೆಗೆದು ಹೋಗಿದ್ದಾರೆ. ಅವನು ನಂಬುತ್ತಿದ್ದ. ಊರೂ ನಂಬುತ್ತಿತ್ತು. ಗುಂಡಿನ ಸದ್ದು ಇನ್ನೊಮ್ಮೆ ಕೇಳಿದಾಗ, ಕಂದು ಕೋಟಿನಲ್ಲಿ ಮರಗಳ ನಡುವೆ ನಡೆಯುತ್ತಿರುವ ತಾನು ದೂರದಿಂದ ಹೇಗೆ ಕಾಣಬಹುದು ಎಂದು ಯೋಚಿಸಿದಳು. ಓಡಬಾರದು, ಓಡಿದರೆ ಇನ್ನೂ ಕೆಟ್ಟದು. ಮನುಷ್ಯರ ದನಿ ದೂರಕ್ಕೆ ಕೇಳಲೆಂದು ಜೋರಾಗಿ ಮಾತಾಡುತ್ತ ನಡೆದಳು, ಬಾಯಿಗೆ ಬಂದ ಬೀದಿಗಳ ಹೆಸರು, ತಿಂಗಳುಗಳ ಹೆಸರು.

ಮರ್ಟನ್ ಅಂಗಳದಲ್ಲಿ ವಾಲಿದ ಕಂಬದ ಬಳಿ ನಿಂತಿದ್ದ. ಅವಳು ಕಾಡಿನಿಂದ ಹೊರಬಂದದ್ದನ್ನು ಕಂಡು ಅವನ ಮುಖ ಬಿಳಿಚಿತು.

"ಜಿಂಕೆ ಬಣ್ಣದ ಕೋಟು ಹಾಕ್ಕೊಂಡು ಈ ಕಾಡಲ್ಲಾ? ಒಂದು ಮನೇಲಿ ಒಂದು ಸಾವು ಸಾಲದಾ ತಾಯಿ ನಿಂಗೆ?"

ಅವಳು ಉಸಿರು ತಿರುಗುವ ತನಕ ಕಾದಳು. ಜೋಡಿಸಿಕೊಂಡ ಮಾತು ನಾಲಿಗೆಯ ಮೇಲೇ ಇತ್ತು. ಕಳ್ಳರು ಬಂದರೆಂದರೆ ಬಾವಿ ತೆರೆದೇ ಇರುತ್ತದೆಂದು ಅವನು ಎಣಿಸುತ್ತಾನೆ, ತೆರೆದ ಬಾಯಿ ಹುಡುಕಿಕೊಂಡು ಎಲೆಗಳ ಮೇಲೇ ನಡೆಯುತ್ತಾನೆ. ಮಗಳೂ ಹಾಗೇ.

"ವೆಸ್ ಬಾವಿ ತೆಗೆದಿದ್ದ," ಎಂದಳು. "ಸೇಬಿನ ಮರದ ಹತ್ರ, ಆರ್ಡಿತ್ ಹೋಗೋ ದಾರೀಲೇ. ಮುಚ್ಚಿರಲಿಲ್ಲ. ಮೇಲೆ ಎಲೆ ಹರಡಿ ಬಂದಿದ್ದ, ಯಾರಿಗೂ ಕಾಣದ ಹಾಗೆ."

ಮರ್ಟನ್ ಟೊಪ್ಪಿಗೆ ತೆಗೆದು, ಅದರೊಳಗೆ ಏನೋ ಇದೆಯೆಂಬಂತೆ ನೋಡಿ, ಮತ್ತೆ ಹಾಕಿಕೊಂಡ.

"ಎಷ್ಟು ಆಳ?"

"ಗೊತ್ತಿಲ್ಲ. ನೀರಿದೆ."

"ನೀನೊಬ್ಳೇ ಹೋಗಿದ್ಯಾ?"

ಹೌದೆಂದು ತಲೆಯಾಡಿಸಿದಳು. ಅವನು ಮನೆಯ ಕಡೆಗೆ ಎರಡು ಹೆಜ್ಜೆ ಹೋಗಿ, ಆರ್ಡಿತ್‌ಗೆ ಫೋನು ಮಾಡುತ್ತೇನೆ, ಟ್ರ್ಯಾಕ್ಟರು ಬೇಕಾಗುತ್ತದೆ, ಸರಪಳಿಯೂ ಬೇಕು ಎಂದು ತನಗೇ ಹೇಳಿಕೊಂಡ. ಆಮೇಲೆ ಹಿಂದಿರುಗಿ ಬಂದು ಕೈ ಚಾಚಿದ.

"ಕೊಡಮ್ಮ."

ಅವಳು ಹಾರೆ ಹೆಗಲಿಂದ ಇಳಿಸಿ ಮುಂದೆ ಹಿಡಿದಳು. ಮುದುಕ ಒಂದು ತುದಿ ಹಿಡಿದ. ಅವಳ ಕೈ ಬಿಡಲಿಲ್ಲ. ಅವನು ಎಳೆಯದೆ ಹಾಗೇ ನಿಂತ, ಇಬ್ಬರ ನಡುವೆ ಕಬ್ಬಿಣ ತಣ್ಣಗೆ ತೂಗುತ್ತಿತ್ತು. ಕೊನೆಗೆ ಅದು ಅವನ ಕೈಗೆ ಹೋದಾಗ ಕೊರಿನ್ ತನ್ನ ಅಂಗೈ ನೋಡಿಕೊಂಡಳು. ಬೆರಳುಗಳು ಬಿಚ್ಚಿಕೊಂಡಿರಲಿಲ್ಲ. ಹಾರೆಯಷ್ಟೇ ದಪ್ಪದ ಬರಿಯ ಗಾಳಿಯನ್ನು ಅವು ಹಾಗೇ ಹಿಡಿದುಕೊಂಡಿದ್ದವು.