ಕುಂಟು ಕುದುರೆಯ ಮಟ್ಟು

ನಾನು ಪಿಟೀಲಿನ ಒಂದು ಮಟ್ಟು. ಕಣ್ಣಿಗೆ ಕಾಣುವವನಲ್ಲ, ಆದರೆ ಕಿವಿಗೆ ಬಿದ್ದರೆ ನಿಮ್ಮ ಕಾಲು ಸುಮ್ಮನಿರುವುದಿಲ್ಲ. ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನ ಒಂದು ಕಣಿವೆಯಲ್ಲಿ, ಟೋಬಿನ್ ಎಂಬ ರೈತನ ಕೈಯಲ್ಲಿ ಹುಟ್ಟಿದೆ. ಆ ಚಳಿಗಾಲ ಅವನ ಒಂದೇ ಕುದುರೆ ಹಿಮದಲ್ಲಿ ಕಳೆದುಹೋಗಿತ್ತು. ಮನೆಯವರೆಲ್ಲ ಆಸೆ ಬಿಟ್ಟಿದ್ದರು. ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ಅದು ಕುಂಟುತ್ತಾ ಅಂಗಳಕ್ಕೆ ಬಂದು ನಿಂತಿತು. ಟೋಬಿನ್ ಅದರ ಕುತ್ತಿಗೆ ತಬ್ಬಿ ಅತ್ತ. ಆಮೇಲೆ ಒಳಗಿನಿಂದ ಪಿಟೀಲು ತಂದ. ಕಮಾನು ಕುದುರೆಯ ನಡಿಗೆಯನ್ನೇ ಹಿಡಿಯಿತು: ಮೂರು ಹೆಜ್ಜೆ ಸಲೀಸು, ಆಮೇಲೊಂದು ತಡವರಿಕೆ. ಹೆಂಡತಿ ಕೆಜಾಯಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕುಣಿದಳು.

ಟೋಬಿನ್ ತೀರಿಕೊಂಡ ಮೇಲೆ ಪಿಟೀಲು ಮಗ ಏಸಲ್‌ಗೆ ಬಂತು. ಮರ ಕೊಯ್ಯುವ ಮಿಲ್ಲಿನಲ್ಲಿ ಅವನ ಕಿರುಬೆರಳು ಹೋಗಿತ್ತು, ಮೇಲಿನ ಸ್ವರಗಳು ಎಟುಕುತ್ತಿರಲಿಲ್ಲ. ಅವನು ತಂತಿಗಳ ಶ್ರುತಿ ಬದಲಿಸಿ ನನ್ನನ್ನು ಕೆಳಕ್ಕೆ ಇಳಿಸಿಕೊಂಡ. ನನ್ನ ದನಿ ಜೇನುಗೂಡಿನಂತೆ ಗುಂಯ್‌ಗುಟ್ಟತೊಡಗಿತು.

ಅವನ ತಂಗಿ ಡೆಲ್ಫಿ ಮದುವೆಯಾಗಿ ಬೆಟ್ಟದಾಚೆ ಹೋಗುವಾಗ ನನ್ನನ್ನು ಬಾಯಲ್ಲೇ ಒಯ್ದಿದ್ದಳು. ಅಲ್ಲಿ ರೈಲಿನ ಸುರಂಗ ಕೊರೆಯುವ ಗಿಡಿಯನ್ ಬ್ಯಾಂಜೊ ಬಾರಿಸುತ್ತಿದ್ದ. ಅವನ ಹಿರಿಯರು ಆಫ್ರಿಕದಿಂದ ನೆನಪಿನಲ್ಲಿ ತಂದ ವಾದ್ಯ ಅದು. ಡೆಲ್ಫಿ ಗುನುಗಿದ್ದನ್ನು ಕೇಳಿ, ನಾನು ತಡವರಿಸುವ ಜಾಗದಲ್ಲಿ ಅವನು ತಂತಿ ಚಿಮ್ಮಿಸಿದ. ಕುಂಟು ಹೋಗಿ ನೆಗೆತ ಬಂತು. ಡೆಲ್ಫಿ ತಾನೂ ಒಂದು ಪಿಟೀಲು ಕೊಂಡು ಅದನ್ನೇ ನುಡಿಸಲು ಕಲಿತಳು.

ಮುಂದೆ ಡೆಲ್ಫಿಯ ಮಗಳ ಮದುವೆಯಲ್ಲಿ ಅಣ್ಣ ತಂಗಿ ಜೊತೆಯಾಗಿ ನನ್ನನ್ನು ನುಡಿಸಲು ಕುಳಿತರು. ಶುರುವಿನಲ್ಲೇ ಡಿಕ್ಕಿ. ಅಪ್ಪನ ಮಟ್ಟು ಕೆಡಿಸಿದ್ದೀಯ ಎಂದಳು ತಂಗಿ. ಕೆಡಿಸಿದವಳು ನೀನು ಎಂದ ಏಸಲ್, ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಟೋಪಿ ಕೈಗೆತ್ತಿಕೊಂಡ. ಕುಣಿಯಲು ನಿಂತಿದ್ದ ಮದುಮಗಳ ಮುಖ ಬಾಡಿತು. ನಾನು ಎರಡು ಹೋಳಾಗಿ ಬಿದ್ದಿದ್ದೆ.

ಮೂಲೆಯಲ್ಲಿದ್ದ ಅವರ ಮುದಿ ತಾಯಿ ಕೆಜಾಯಾ ಬಾಯಿ ತೆರೆದಳು. “ಕೂತ್ಕೊ ಏಸಲ್. ನಿಮ್ಮಪ್ಪ ಒಂದು ದಿನ ಬಾರಿಸಿದ ಹಾಗೆ ಇನ್ನೊಂದು ದಿನ ಬಾರಿಸಿದವರೇ ಅಲ್ಲ. ಅಷ್ಟಕ್ಕೂ ಇದು ಅವರದಲ್ಲ. ನಮ್ಮಜ್ಜಿ ಸ್ಕಾಟ್ಲೆಂಡಿಂದ ಹಡಗಲ್ಲಿ ತಂದ ಜೋಗುಳ. ನಾನು ನಿಮ್ಮನ್ನ ತೂಗ್ತಾ ಹಾಡ್ತಿದ್ದೆ. ಅವರು ಕದ್ದು ಕುದುರೆ ಮೇಲೆ ಕೂರಿಸಿದರು.”

ಅವಳು ಹಾಡಿದಳು. ನನಗೂ ಗೊತ್ತಿಲ್ಲದ ನನ್ನ ಬಾಲ್ಯ ಅದು. ಮೊದಲು ನಕ್ಕವನು ಮದುವೆಗೆ ಬಂದಿದ್ದ ಗಿಡಿಯನ್; ನಗುತ್ತಲೇ ಬ್ಯಾಂಜೊ ಎತ್ತಿಕೊಂಡ. ಏಸಲ್ ಟೋಪಿ ಕೆಳಗಿಟ್ಟ. ತಂಗಿ ಮೇಲಿನ ಸ್ವರಗಳಲ್ಲಿ, ಅಣ್ಣ ಕೆಳಗಿನವುಗಳಲ್ಲಿ ಹೊರಟರು. ಕುಣಿತಕ್ಕೆ ನೆಲದ ಹಲಗೆಗಳು ಸಡಿಲಗೊಂಡವು.

ಈಗ ಅವರು ಯಾರೂ ಇಲ್ಲ. ಒಂದು ಪುಟ್ಟ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನನ್ನ ವಾಸ. ಸಂಜೆ ಕೆಲವರು ಕಲಿಯಲು ಸೇರುತ್ತಾರೆ. ಸರಿಯಾಗಿಯೇ ಉಳಿಯಬೇಕೆಂದು ಹಟ ಹಿಡಿದಿದ್ದರೆ ನಾನು ಎಂದೋ ಸತ್ತಿರುತ್ತಿದ್ದೆ. ಮೊನ್ನೆ ಡ್ಯೂಟಿ ಮುಗಿಸಿ ಬಂದ ನರ್ಸ್ ಒಬ್ಬಳು ಸ್ವರವೊಂದನ್ನು ಜಾರಿಸಿ, ತಪ್ಪಾಯಿತೆಂದು ಕಮಾನು ಇಳಿಸಿದಳು. ಕಲಿಸುವ ಮುದುಕ ತಲೆ ಓರೆ ಮಾಡಿ ತನ್ನ ಪಿಟೀಲನ್ನು ಗದ್ದಕ್ಕೇರಿಸಿದ.

“ಅದೇ ತಪ್ಪು ಇನ್ನೊಂದ್ಸಲ ಮಾಡಮ್ಮ,” ಎಂದ. “ನಾನೂ ಕಲಿತ್ಕೋತೀನಿ.”